ನಾಯೀನ ಸಾಲಿಗೆ ಹಚ್ಚೋಕಿಂತ ಮೊದ್ಲ

ಈ ಸಲ ಅಡಗಿ ಅಲ್ಲ, ಹಬ್ಬ ಅಲ್ಲ, ನಾಯಿ ವಿಷಯ. ನಗಬ್ಯಾಡ್ರಿ. ನಮ್ಮ ಓಣ್ಯಾಗ ಈಗ ನಾಕ ಮನಿಗೊಂದ ನಾಯಿ ಅದ, "ವೈನಿ, ಟ್ರೇನರ್ ಯಾರರೆ ಗೊತ್ತಿದ್ರ ಹೇಳ್ರಿ" ಅಂತ ಕೇಳೋರು ಭಾಳ ಆಗ್ಯಾರ. ಮರಿ ಇದ್ದಾಗ ಎಲ್ಲಾರೂ ಎತ್ತಿ ಮುದ್ದು ಮಾಡಿರ್ತೀವಿ. ವರ್ಷ ತುಂಬೋದ್ರಾಗ ಅದು ಮೂವತ್ತ ಕಿಲೋ ಆಗಿ, ಬಂದವರ ಎದಿ ಮ್ಯಾಲೆ ಕಾಲ ಕೊಟ್ಟ ನಿಂತಾಗ ಟ್ರೇನರ್ ನೆನಪಾಗ್ತಾರ. ಹಾಲಿನವಗ ಒಮ್ಮೆ ಹಲ್ಲ ಹಚ್ಚಿತಂದ್ರ ಮುಗೀತು, "ಊರ ಹೊರಗ ಬಿಟ್ಟ ಬರ್ತೇನಿ" ಅನ್ನೋ ಮಾತು ಸುರು ಆಗ್ತದ. ಅಂದ್ರ ಟ್ರೇನರ್ ಆರಿಸೋದು ಸಣ್ಣ ಕೆಲಸ ಅಲ್ಲ. ಒಂದ ಜೀವ ಮನ್ಯಾಗ ಉಳೀತದೋ ಬೀದಿಪಾಲ ಆಗ್ತದೋ ಅನ್ನೋದು ಅದರ ಮ್ಯಾಲೆ ನಿಂತಿರ್ತದ.

ನಾ ಯಾರ ನಂಬರೂ ಕೊಡೂದಿಲ್ಲ. ಅದರ ಬದಲಿ ಈ ವಿದ್ಯೆ ಎಲ್ಲಿ ಹುಟ್ಟಿ, ಯಾರ ಕೈ ದಾಟಿ ನಮ್ಮ ಮನಿ ಬಾಗಿಲಿಗೆ ಬಂತು ಅನ್ನೋದನ್ನ ಹೇಳ್ತೀನಿ. ಅಷ್ಟ ತಿಳದ್ರ, ಬಂದ ಟ್ರೇನರ್ ಯಾವ ಮನೆತನದ ವಿದ್ಯೆ ಕಲ್ತವರು ಅನ್ನೋದು ನಿಮಗ ಗುರ್ತ ಸಿಗ್ತದ.

ನಾಯಿ ನಮಗೇನು ಹೊಸದಲ್ಲ. ಮಂಡ್ಯ ಜಿಲ್ಲಾದ ಆತಕೂರಿನ ಶಾಸನ ಸುಮಾರು ಕ್ರಿ.ಶ. 949ರದ್ದು. ಯುದ್ಧದಾಗ ಪರಾಕ್ರಮ ತೋರಿಸಿದ ಮಣಲೇರ ಅನ್ನೋ ವೀರಗ ಒಡೆಯ ಮೆಚ್ಚಿ, ಏನ ಬೇಕೋ ಕೇಳು ಅಂದ್ರ, ಅವ ಕೇಳಿದ್ದು ಕಾಳಿ ಅನ್ನೋ ನಾಯೀನ! ಮುಂದ ಆ ಕಾಳಿ ಒಂದ ದೊಡ್ಡ ಹಂದಿ ಕೂಡ ಕಾದಾಡಿ, ಎರಡೂ ಸತ್ತು ಹೋದ್ವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್‌ನ್ಯಾಗ ಅದ. ಆವಾಗಿನ ಬೇಟಿ ನಾಯಿ, ಕುರಿಗಾರರ ನಾಯಿ ಎಲ್ಲಾ ಯಜಮಾನನ ಕೂಡ ದಿನಾ ಅಡ್ಡಾಡಿ, ಹಳೇ ನಾಯಿಗಳನ್ನ ನೋಡಿ ಕಲೀತಿದ್ವು. ರೊಕ್ಕ ಕೊಟ್ಟ ಇನ್ನೊಬ್ಬರ ಕಡಿಂದ ಕಲಿಸೋದು ಅನ್ನೋದು ಭಾಳ ಈಚಿನದು.

ಆ ಈಚಿನ ವಿದ್ಯೆ ಹುಟ್ಟಿದ್ದು ಮನ್ಯಾಗ ಅಲ್ಲ, ಪೊಲೀಸ ಠಾಣಾದಾಗ. ಜರ್ಮನಿಯ ಕೊನ್ರಾಡ್ ಮೋಸ್ಟ್ ಅನ್ನೋರು 1906ರ ಸುಮಾರಿಗೆ ಪೊಲೀಸರ ಸಲುವಾಗಿ ನಾಯಿ ತಯಾರ ಮಾಡ್ಲಿಕ್ಕೆ ಹತ್ತಿದ್ರು. 1910ರಾಗ ಅದರ ಪುಸ್ತಕಾನೂ ಬರದ್ರು. ಶಾಣ್ಯಾ ಮನಷ್ಯಾ. ನಾಯಿಗೆ ನಮ್ಮ ಮಾತು ನಮ್ಮಂಗ ತಿಳಿಯೂದಿಲ್ಲ, ಶಾಬ್ಬಾಶ್ ಅನ್ನೋದಿದ್ರೂ ಬೈಯೋದಿದ್ರೂ ಆ ಗಳಿಗ್ಯಾಗ ಆಗಬೇಕು ಅನ್ನೋದನ್ನ ಅವರು ಅವಾಗ್ಲೇ ತಿಳ್ಕೊಂಡಿದ್ರು. ಆದ್ರ ಅವರ ಕೈಯಾಗಿನ ಸಾಮಾನು ಏನಂದ್ರ ಕುತ್ತಿಗಿಗೆ ಮುಳ್ಳಿನ ಪಟ್ಟಾ, ಕೈಯಾಗ ಛಡಿ. ಮೊದಲನೇ ಮಹಾಯುದ್ಧ ಬಂತು, ಇದೇ ಪದ್ಧತಿ ಸೈನ್ಯಾದಾಗ ಹಬ್ಬಿತು. ಯುದ್ಧ ಮುಗದ ಮ್ಯಾಲೆ ಸೈನ್ಯಾ ಬಿಟ್ಟ ಬಂದವರು ಊರಾಗ ನಾಯಿ ಕಲಿಸೋ ಗುರುಗಳಾದ್ರು.

ಸೈನ್ಯಾದಾಗ ಒಂದ ನಾಯಿಗೆ ಒಬ್ಬ ಸಿಪಾಯಿ. ಹೊತ್ತಾರೆ ಎದ್ದಾಗಿಂದ ಅವಗ ಅದ ಕೆಲಸ. ನಮ್ಮ ಮನ್ಯಾಗ ಹಂಗ ಅದ ಏನ್ರಿ? ಅಜ್ಜಿ ಇರ್ತಾರ, ಸಣ್ಣ ಹುಡುಗ್ರು ಇರ್ತಾವ, ಭಾಂಡಿ ತಿಕ್ಕೋಕಿ ಬರ್ತಾಳ, ಸಿಲಿಂಡರ್‌ನವ ಬರ್ತಾನ. ಒಬ್ಬರ ಮಾತು ಕೇಳಿ ಉಳದವರ ಮ್ಯಾಲೆ ಹಾರೋ ನಾಯಿ ನಮಗ ಏನ ಉಪಯೋಗ? ಠಾಣಾದ ವಿದ್ಯೆ ಮನಿಗೆ ಒಗ್ಗೋಹಂಗ ಆಗಬೇಕಿತ್ತು. ಆ ಕೆಲಸದಾಗ ಹೆಣ್ಣಮಕ್ಕಳ ಪಾಲು ಭಾಳ ದೊಡ್ಡದು. ಈ ಮಾತು ಯಾವ ಟ್ರೇನರೂ ನಿಮಗ ಹೇಳಿರಲಿಕ್ಕಿಲ್ಲ.

ಮೊದಲ್ನೇಯವರು ಡೊರೊಥಿ ಹ್ಯಾರಿಸನ್ ಯೂಸ್ಟಿಸ್. ಅಮೇರಿಕಾದವರು, ಸ್ವಿಟ್ಜರ್ಲೆಂಡಿನ್ಯಾಗ ಜರ್ಮನ್ ಶೆಫರ್ಡ್ ನಾಯಿ ಸಾಕಿ ತಯಾರ ಮಾಡ್ತಿದ್ರು. ಯುದ್ಧದಾಗ ಕಣ್ಣ ಕಳಕೊಂಡ ಸಿಪಾಯಿಗಳಿಗೆ ದಾರಿ ತೋರಸ್ಲಿಕ್ಕೆ ಜರ್ಮನಿಯೊಳಗ ನಾಯಿ ಕಲಿಸೋದನ್ನ ನೋಡಿ ಬಂದು, 1927ರಾಗ ಅಮೇರಿಕಾದ ಒಂದ ಪತ್ರಿಕೆಗೆ ಲೇಖನ ಬರದ್ರು. ಅದನ್ನ ಓದಿಸಿಕೊಂಡು ಕೇಳಿದ ಮಾರಿಸ್ ಫ್ರ್ಯಾಂಕ್ ಅನ್ನೋ ಕಣ್ಣಿಲ್ಲದ ಹುಡುಗ, ನನಗೂ ಹಂಗ ಒಂದ ನಾಯಿ ಕೊಡ್ರಿ ಅಂತ ಪತ್ರ ಹಾಕಿದ. ಯೂಸ್ಟಿಸ್ ಅವರು ತಯಾರಾದ ನಾಯೀನ ಹಡಗಿನ್ಯಾಗ ಹಾಕಿ ಕಳಿಸಿಬಿಡ್ಲಿಲ್ಲ. ಹುಡುಗನ್ನ ಸ್ವಿಟ್ಜರ್ಲೆಂಡಿಗೆ ಕರಿಸಿದ್ರು. ವಾರಗಟ್ಟಲೆ ಅವನೂ ನಾಯಿಯೂ ಕೂಡೇ ಕಲ್ತರು. 1928ರಾಗ ಬಡ್ಡಿ ಅನ್ನೋ ಆ ಹೆಣ್ಣ ನಾಯಿ ಹಿಡಕೊಂಡು ಅವ ನ್ಯೂಯಾರ್ಕಿನ ಗಾಡಿ ಗದ್ದಲದ ರಸ್ತೆ ದಾಟಿದ. ಮರುವರ್ಷ, 1929ರಾಗ, 'ದಿ ಸೀಯಿಂಗ್ ಐ' ಅನ್ನೋ ಅವರ ಸಂಸ್ಥೆ ಸುರು ಆತು. ಇವತ್ತಿಗೂ ಅಲ್ಲಿ ನಾಯಿ ಒಂದನ್ನ ಕಲಿಸಿ ಕೈಗೆ ಕೊಟ್ಟು ಕಳಸೂದಿಲ್ಲ. ಒಯ್ಯೋರೂ ಅದರ ಕೂಡ ಕಲೀಬೇಕು.

ಎರಡನೇದು ಒಂದ ಜೋಡಿ. ನ್ಯೂಯಾರ್ಕ್ ಕಡೆಯ ಹೆಲೆನ್ ವೈಟ್‌ಹೌಸ್ ವಾಕರ್ ಅವರ ಹತ್ರ ಪೂಡಲ್ ನಾಯಿ ಇದ್ವು. ಬಣ್ಣದ ಗೊಂಬಿಯಂಥಾ ನಾಯಿ, ಇದಕ್ಕೇನ್ ಬುದ್ಧಿ ಇರ್ತದ ಅಂತ ಮಂದಿ ನಗೋರು. ಅದಕ್ಕ ಆಕಿ 1933ರಾಗ ತಮ್ಮ ಅಪ್ಪನ ಬಂಗ್ಲೆ ಅಂಗಳದಾಗ ನಾಯಿಗಳ ಆಜ್ಞಾಪಾಲನೆ ಸ್ಪರ್ಧಾ ಇಟ್ಟರು. ಬಂದ ನಾಯಿ ಎಂಟ ಅಷ್ಟ. ಅವರ ಹತ್ರ ನಾಯಿ ನೋಡಿಕೊಳ್ಳೋ ಕೆಲಸಕ್ಕ ಬಂದಾಕಿ ಬ್ಲಾಂಚ್ ಸಾಂಡರ್ಸ್. 1937ರಾಗ ಈ ಇಬ್ಬರೂ ಕಾರಿಗೆ ಒಂದ ಟ್ರೇಲರ್ ಕಟ್ಟಿಕೊಂಡು, ಮೂರ ಪೂಡಲ್ ಕರಕೊಂಡು, ಅಮೇರಿಕಾ ಪೂರ್ತಿ ಸುತ್ತಿ ಊರೂರಾಗ ಮಂದಿಗೆ ತೋರಿಸಿ ಬಂದ್ರು. ಮುಂದ ಸಾಂಡರ್ಸ್ ಮನಿ ಮಂದಿಗೆ ಕ್ಲಾಸ್ ನಡಿಸಿದ್ರು. 1946ರ ಅವರ ಪುಸ್ತಕದ ಹೆಸರಿನ ಅರ್ಥ ಏನಂದ್ರ, ನಿಮ್ಮ ನಾಯಿಗೆ ಕಲಿಸ್ಲಿಕ್ಕೆ ನಿಮಗ ಕಲಿಸೋದು. ಹೆಸರಿನ್ಯಾಗ ಎಲ್ಲಾ ಬಂತಲ್ಲ?

ಆದ್ರ ಅವಾಗಿನ ಕ್ಲಾಸಿನ್ಯಾಗೂ ಜಗ್ಗೋ ಸರಪಳಿ ಇತ್ತು. ಅದನ್ನ ಬಿಡಿಸಿದ ದಾರಿ ಇನ್ನೊಂದ ಕಡಿಂದ ಬಂತು. ಮರಿಯನ್ ಬ್ರೆಲ್ಯಾಂಡ್ ಮತ್ತ ಅವರ ಯಜಮಾನ್ರು ಕೆಲ್ಲರ್, ಸ್ಕಿನ್ನರ್ ಅನ್ನೋ ಮನಃಶಾಸ್ತ್ರಜ್ಞರ ಶಿಷ್ಯರು. ಎರಡನೇ ಮಹಾಯುದ್ಧದ ಹೊತ್ತಿನ್ಯಾಗ ಓದು ಬಿಟ್ಟು, ಪ್ರಾಣಿಗಳಿಗೆ ಕಲಿಸೋದನ್ನ ಉದ್ಯೋಗ ಮಾಡಿಕೊಂಡ್ರು. ಬೇಕಾದ ಕೆಲಸ ಮಾಡಿದ ಆ ಕ್ಷಣಕ್ಕ ಒಂದ ಸಣ್ಣ ಟಿಕ್ ಸಪ್ಪಳ, ಬೆನ್ನ ಹಿಂದ ಒಂದ ತುತ್ತು. ಬೈಯೋದಿಲ್ಲ, ಜಗ್ಗೋದಿಲ್ಲ. ಕೋಳಿ, ಹಂದಿಗೂ ಹಿಂಗ ಕಲಿಸಿ ತೋರಿಸಿದ್ರು. ಆದ್ರ ಅವಾಗಿನ ನಾಯಿ ಟ್ರೇನರ್‌ಗಳು ಅವರ ಮಾತಿಗೆ ಕಿವಿಗೊಡಲಿಲ್ಲ. ಮುಂದ ಡಾಲ್ಫಿನ್ ಕಲಿಸ್ತಿದ್ದ ಕ್ಯಾರೆನ್ ಪ್ರಯರ್ 1984ರಾಗ ಒಂದ ಪುಸ್ತಕ ಬರದ ಮ್ಯಾಲೆ ಆ ಟಿಕ್ ಸಪ್ಪಳ ನಾಯಿ ಸಾಕೋರ ಮನಿಮನಿಗೆ ಬಂತು. ಕ್ಲಿಕ್ಕರ್ ಅಂತಾರಲ್ಲ, ಅದ.

ಈ ನಡುವ ಒಂದ ಉಲ್ಟಾ ಮಾತೂ ಹುಟ್ಟಿತು. 1947ರಾಗ ಶೆಂಕೆಲ್ ಅನ್ನೋ ವಿಜ್ಞಾನಿ ಝೂದಾಗ ಕೂಡಿ ಹಾಕಿದ ತೋಳಗಳನ್ನ ನೋಡಿ, ಇವು ಒಂದರ ಮ್ಯಾಲೆ ಒಂದು ಅಧಿಕಾರಕ್ಕ ಬಡದಾಡ್ತಾವ ಅಂತ ಬರದ್ರು. ಡೇವಿಡ್ ಮೆಕ್ ಅನ್ನೋರು 1970ರ ತಮ್ಮ ಪುಸ್ತಕದಾಗ ಅದನ್ನ ಮುಂದುವರಿಸಿದ್ರು. ಮಂದಿ ಅದನ್ನ ನಾಯಿಗೆ ಹಚ್ಚಿದ್ರು: ನಾಯೀನ ಮಲಗಿಸಿ ಒತ್ತಿ ಹಿಡೀರಿ, ನೀವು ಯಜಮಾನ ಅನ್ನೋದು ತೋರಸ್ರಿ, ಅದರಕಿಂತ ಮೊದ್ಲ ನೀವು ಉಣ್ರಿ, ಹಿಂಗ. ಆದ್ರ ಅದೇ ಮೆಕ್ ಅವರು ಕಾಡಿನ ತೋಳಗಳ ನಡುವ ವರ್ಷಾನುಗಟ್ಟಲೆ ಇದ್ದು ನೋಡಿ, 1999ರಾಗ ತಮ್ಮ ಮಾತು ತಾವೇ ತಿದ್ದಿದ್ರು. ಕಾಡಿನ್ಯಾಗ ತೋಳದ ಗುಂಪು ಅಂದ್ರ ಅವ್ವ, ಅಪ್ಪ, ಮಕ್ಕಳು, ಒಂದ ಸಂಸಾರ. ಗುರುಗಳು ತಿದ್ದಿಕೊಂಡ್ರೂ ಹಳೇ ಪಾಠ ಹೇಳೋ ಟ್ರೇನರ್‌ಗಳು ಇನ್ನೂ ಅದಾರ. 'ಆಲ್ಫಾ' ಅನ್ನೋ ಶಬ್ದ ಬಾಯಾಗ ಬಂದ್ರ ನೀವು ಹುಷಾರಾಗ್ರಿ.

ಮರಿಗಳ ವಿಷಯಕ್ಕ ಇನ್ನೊಂದ ಸಂಗ್ತಿ. ಮೊದಲ ಆರ ತಿಂಗಳ ಆಗೋತನಾ ಕ್ಲಾಸಿಗೆ ತಗೋತಿರಲಿಲ್ಲ, ಜಗ್ಗೋ ಸರಪಳಿಯ ಪೆಟ್ಟು ಮರಿ ಕುತ್ತಿಗಿ ತಡೀಬೇಕಲ್ಲ! ಸ್ಕಾಟ್ ಮತ್ತ ಫುಲ್ಲರ್ ಅನ್ನೋರು 1965ರ ಪುಸ್ತಕದಾಗ, ಮರಿ ಮಂದಿಗೆ ಹೊಂದಿಕೊಳ್ಳೋ ಕಾಲ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದ ತನಕಾ ಅಂತ ತೋರಿಸಿದ್ರು. 1980ರ ದಶಕದಾಗ ಇಯಾನ್ ಡನ್‌ಬಾರ್ ಅನ್ನೋ ದನದ ಡಾಕ್ಟ್ರು ಕ್ಯಾಲಿಫೋರ್ನಿಯಾದಾಗ ಎಳೇ ಮರಿಗಳಿಗಂತ ಕ್ಲಾಸ್ ತೆಗದ್ರು. ಸರಪಳಿ ಇಲ್ಲ, ಕೈಯಾಗ ತಿಂಡಿ. ಅಂದ್ರ, ದೊಡ್ಡದಾಗ್ಲಿ ಆಮ್ಯಾಲೆ ಕಲಿಸೋಣು ಅಂತ ಕೂಡಬಾರದು.

ಈಗ ನಮ್ಮ ಬಾಗಿಲಿಗೆ ಬರೋಣು. ನಮ್ಮ ದೇಶದಾಗ ನಾಯಿ ಟ್ರೇನರ್ ಅನ್ನಿಸಿಕೊಳ್ಳಲಿಕ್ಕೆ ಸರಕಾರದ ಲೈಸೆನ್ಸ್ ಬೇಕಂತಿಲ್ಲ. ಯಾರ ಬೇಕಾದ್ರೂ ಬೋರ್ಡ್ ಹಾಕಬಹುದು. ಆರಿಸೋ ಹೊಣಿ ನಮ್ಮ ಮ್ಯಾಲೇ. ಅದಕ್ಕ ನಾಕ ಮಾತು ಕೇಳ್ರಿ.

ಒಂದು, "ನಾಯಿ ತಪ್ಪ ಮಾಡಿದ್ರ ಏನ ಮಾಡ್ತೀರಿ?" ಮಾಡಬೇಕಾದದ್ದನ್ನ ಹೆಂಗ ಕಲಿಸ್ತೇನಿ ಅಂತ ಬಿಡಿಸಿ ಹೇಳಿದ್ರ ಚೊಲೋ. ಮುಳ್ಳಿನ ಪಟ್ಟಾ, ಕರೆಂಟಿನ ಪಟ್ಟಾ ಅಂದ್ರ ನಮಸ್ಕಾರ ಹೇಳಿ ಕಳಸ್ರಿ. ವೇಲ್ಸ್ ದೇಶದಾಗ ಕರೆಂಟಿನ ಪಟ್ಟಾಕ್ಕ 2010ರಿಂದ ಬಂದೀ ಅದ. ನೋವಾಗಿ ಸುಮ್ಮನಾದ ನಾಯಿ ಕಲ್ತದ ಅಂತಲ್ಲ. ಗುರ್ ಅನ್ನೋದ ಬಿಟ್ಟು ಒಮ್ಮೆಲೇ ಕಚ್ಚೋ ನಾಯಿ ಹೆಚ್ಚು ಅಪಾಯ.

ಎರಡು, "ಕ್ಲಾಸಿಗೆ ನಾನೂ ಇರಬೇಕೇನ್ರಿ?" ಬ್ಯಾಡ್ರಿ, ಒಂದ ತಿಂಗಳ ನಮ್ಮಲ್ಲೇ ಬಿಡ್ರಿ ಅಂದ್ರ ವಿಚಾರ ಮಾಡ್ರಿ. ನಮ್ಮ ಬಳಗದಾಗ ಒಬ್ಬರು ಹಂಗ ಬಿಟ್ಟರು. ತಿರುಗಿ ಬಂದ ನಾಯಿ ಟ್ರೇನರ್ ಎದುರಿಗೆ ಕಲ್ಲಿನ ಬಸವಣ್ಣನಂಗ ಕೂಡ್ತಿತ್ತು. ಅವರು ಹ್ವಾದ ಮ್ಯಾಲೆ ಅಕ್ಕಾರು ಕರದ್ರ ತಿರುಗಿ ಸುದ್ದಾ ನೋಡ್ತಿರಲಿಲ್ಲ.

ಮೂರು, "ನೀವು ಕಲಿಸೋದನ್ನ ಒಮ್ಮೆ ಬಂದ ನೋಡಲೇನ್ರಿ?" ಅಲ್ಲಿ ನಾಯಿಗಳ ಬಾಲ ನೋಡ್ರಿ. ಬಾಲ ಕಾಲಾಗ ಸೇರಿಸಿಕೊಂಡು, ಕಿವಿ ಹಿಂದ ಒತ್ತಿಕೊಂಡು ಕೂತಿದ್ರ ಅವು ಅಂಜಿ ಕೂತಾವ.

ನಾಕು, "ಈ ಜಾತಿ ನಾಯಿ ಕಲಿಸೀರೇನು?" ನಮ್ಮ ಮುಧೋಳ ನಾಯೀನ ನೋಡ್ರಿ, 2005ರಾಗ ಅಂಚೆ ಚೀಟಿ ಮ್ಯಾಲೆ ಬಂದದ್ದು, 2016ರಾಗ ಮೇರಠದ ಸೈನ್ಯದ ನಾಯಿ ಸಾಲಿಗೆ ಹೋದದ್ದು. ಅದು ಕಣ್ಣಿಲೆ ಬೇಟಿ ಆಡೋ ನಾಯಿ. ಬೆಕ್ಕು ಓಡೋದ ಕಂಡ್ರ ಕಾಲ ಮೊದ್ಲ ಓಡ್ತಾವ, ಕಿವಿ ಆಮ್ಯಾಲೆ ಕೇಳ್ತಾವ. ಅದಕ್ಕ ಜರ್ಮನ್ ಶೆಫರ್ಡ್‌ನ ಪಾಠ ಹಂಗಿಂದಂಗ ಒಗ್ಗೂದಿಲ್ಲ.

ಇನ್ನ ಮನ್ಯಾಗಿನ ತಯಾರಿ. ಮೊದ್ಲ ಡಾಕ್ಟ್ರಿಗೆ ತೋರಸ್ರಿ. ಕಿವಿ ನೋವು, ಕೀಲು ನೋವು ಇದ್ರೂ ನಾಯಿ ಮೈ ಮುಟ್ಟಿಸಿಕೊಳ್ಳೂದಿಲ್ಲ, ಅದು ಸಿಟ್ಟಲ್ಲ. ರೇಬೀಸ್ ಇಂಜೆಕ್ಷನ್, ಉಳದ ಇಂಜೆಕ್ಷನ್ ಚೀಟಿ ತೆಗದ ಇಡ್ರಿ. ನಾಯಿ ಯಾವಾಗ, ಯಾರ ಮ್ಯಾಲೆ, ಏನ ಮಾಡಿತು ಅಂತ ಒಂದ ವಾರ ಕ್ಯಾಲೆಂಡರ್ ಮ್ಯಾಲೆ ಬರದ ಇಡ್ರಿ. ಹಾಲಿನ ಲೆಕ್ಕ ಬರದಂಗ. "ಭಾಳ ಕಾಡ್ತದ್ರಿ" ಅನ್ನೋಕಿಂತ ಆ ಚೀಟಿ ಟ್ರೇನರ್‌ಗೆ ಹೆಚ್ಚು ಹೇಳ್ತದ. ತಿಂಡಿ ಅಂದ್ರ ಕಡ್ಲಿಕಾಳಿನಷ್ಟ ಸಣ್ಣ ತುಣುಕು ಸಾಕು: ಪನೀರು, ಬೇಯಿಸಿದ ಗಜ್ಜರಿ, ತಿನ್ನೋ ಮನಿ ಇದ್ರ ಬೇಯಿಸಿದ ಕೋಳಿ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕಲೇಟು ಮಾತ್ರ ಬ್ಯಾಡ, ಅವು ನಾಯಿಗೆ ವಿಷ.

ಎಲ್ಲಾಕಿಂತ ದೊಡ್ಡ ತಯಾರಿ, ಮನಿ ಮಂದಿ ಒಂದ ಮಾತಿಗೆ ಬರೋದು. ಮಾವನವರು "ಕೂಡು" ಅಂತಾರ, ಹುಡುಗ್ರು "ಸಿಟ್" ಅಂತಾವ, ಅಜ್ಜಿ "ಕುಂದ್ರ ಮೂಳಾ" ಅಂತಾರ. ಪಾಪ, ನಾಯಿ ಯಾವುದಂತ ತಿಳಕೋಬೇಕು? ಒಂದ ಶಬ್ದ ಆರಿಸಿ, ಅಡಗಿ ಮನಿ ಗ್ವಾಡಿಗೆ ಬರದ ಹಚ್ಚರಿ. ಕನ್ನಡದಾಗ ಇದ್ರೂ ಅದಕ್ಕ ತಿಳೀತದ. ಊಟಕ್ಕ ಕೂತಾಗ ತಾಟಿನಿಂದ ಯಾರೂ ಹಾಕಬಾರದು ಅಂತ ಠರಾವ ಆದ್ರ, ಕದ್ದು ಹಾಕೋ ಮಾವನವರಿಗೂ ಅದ ಕಾನೂನು.

ಕ್ಲಾಸಿನ ದಿನಾ ಗಂಡಸ್ರು ಅಂಗಳದಾಗ ಟ್ರೇನರ್ ಕೂಡ ನಿಂತು, ನೀವು ಒಳಗ ಚಹಾ ಮಾಡ್ಲಿಕ್ಕೆ ಹೋಗಬ್ಯಾಡ್ರಿ. ದಿನಾ ಅದಕ್ಕ ಅನ್ನ ಹಾಕೋರು ನೀವು, ಗಂಟಿ ಬಾರಿಸಿದಾಗ ಬಾಗಿಲ ತಗ್ಯೋರು ನೀವು. ಬೆಲ್ಟ್ ನಿಮ್ಮ ಕೈಯಾಗ ಇರ್ಲಿ. ಟ್ರೇನರ್ ಹೇಳಿದ್ದನ್ನ ದಿನಕ್ಕೆರಡ ಸಲ ಐದೈದ ನಿಮಿಷ, ಕುಕ್ಕರ್ ಸೀಟಿ ಆಗೋದ್ರಾಗ ಮಾಡಿಸಿದ್ರೂ ಸಾಕು. ಚಹಾ ಯಾರರೆ ಮಾಡ್ಲಿ.