ಹಟ್ಟಿಯೊಳಗಿನ ಚರಿತ್ರೆ

ನಮ್ಮ ಶಿರೂರು ಗಡಿಯ ಊರು. ಇಲ್ಲಿಂದ ಬಡಗು ದಿಕ್ಕಿಗೆ ಸ್ವಲ್ಪ ಹೋದರೆ ಭಟ್ಕಳ ತಾಲೂಕು. ಈಗ ಅದು ಎರಡು ಜಿಲ್ಲೆಗಳ ಗಡಿ ಮಾತ್ರ. ಆದರೆ 1862ರಿಂದ 1956ರವರೆಗೆ ಅದು ಮದರಾಸು ಮತ್ತು ಮುಂಬಯಿ ಪ್ರಾಂತಗಳ ಗಡಿಯಾಗಿತ್ತು. ಕೆನರಾ ಜಿಲ್ಲೆಯನ್ನು ಎರಡು ಪಾಲು ಮಾಡಿದಾಗ ಕುಂದಾಪುರ ತಾಲೂಕು ಮೊದಲು ಉತ್ತರದ ಪಾಲಿಗೆ ಸೇರಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಹೋಗುವಾಗ ನಮ್ಮನ್ನು ಮದರಾಸಿನಲ್ಲೇ ಉಳಿಸಿಕೊಂಡರು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ದನಗಳಿಗೆ ಗಡಿ ಗೊತ್ತಿತ್ತಾ ಟೀಚರ್?" ಎಂದು ಕೇಳಿ ಎಲ್ಲರನ್ನೂ ನಗಿಸಿದ.

ನಗುವ ಮಾತಲ್ಲ ಅದು. ದನ ಎಲ್ಲಿ ಮೇಯಬೇಕೆಂಬುದನ್ನು ಆ ಗಡಿಯೇ ತೀರ್ಮಾನಿಸುತ್ತಿತ್ತು. ಮುಂಬಯಿ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟಗಳಿದ್ದವು. ನಮ್ಮ ಕಡೆ ವರ್ಗದಾರರಿಗೆ ಕುಮ್ಕಿ. ಅಂದರೆ ಸಾಗುವಳಿಯ ಜಾಗದಿಂದ ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ದನ ಮೇಯಿಸುವ, ಸೊಪ್ಪು ಕಡಿಯುವ ಸವಲತ್ತು. ಸವಲತ್ತು ವರ್ಗದಾರನ ಹೆಸರಿನಲ್ಲಿ, ಸೊಪ್ಪಿನ ಹೊರೆ ಹೆಂಗಸರ ತಲೆಯ ಮೇಲೆ. ಕಂದಾಯದ ಕಡತಗಳಲ್ಲಿ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ಹೀಗೆ ಗುಡ್ಡ ಮೇಯ್ದು ಬದುಕಿದ್ದು ನಮ್ಮ ಊರದನ. ಮೂರಡಿಯ ಆಸುಪಾಸಿನ ಎತ್ತರ, ಕಲ್ಲು ಹತ್ತುವ ಗಟ್ಟಿ ಗೊರಸು. ಮಲೆನಾಡಿನವರು ಗಿಡ್ಡ ಎಂದರೆ, ಕೆಲವು ಕಡೆ ವರ್ಷಗಂಧಿ ಎಂದೂ ಹೇಳುತ್ತಾರೆ. ಹೊತ್ತಿಗೆ ಎರಡು ಮೂರು ಕುಡ್ತೆ ಹಾಲು ಕೊಟ್ಟರೆ ಅದೇ ಹೆಚ್ಚು. ಆಗ ದನ ಸಾಕುತ್ತಿದ್ದದ್ದು ಹಾಲಿಗಾಗಿ ಅಲ್ಲವೇ ಅಲ್ಲ. ಗದ್ದೆಗೆ ಗೊಬ್ಬರ ಬೇಕು, ನೊಗಕ್ಕೆ ಹೋರಿ ಬೇಕು. ಹಾಲು ಮೇಲಿನ ಲಾಭ.

ಮಳೆ ನಿಂತು ಗುಡ್ಡ ಹಸಿರಾಗಿರುವಾಗ ದನಗಳ ಮೈ ತುಂಬುತ್ತಿತ್ತು, ಆಗ ಗಬ್ಬವಾಗುತ್ತಿದ್ದವು. ದನಕ್ಕೂ ನಮ್ಮಂತೆ ಒಂಬತ್ತು ತಿಂಗಳು ಮೇಲೆ ಕೆಲವು ದಿನ. ಹಾಗಾಗಿ ಕರು ಹಾಕುವುದೂ ಗದ್ದೆ ಕೆಲಸದ ನಟ್ಟನಡುವಿನ ಮಳೆಗಾಲಕ್ಕೇ ಹೆಚ್ಚು ಬೀಳುತ್ತಿತ್ತು. ಹಗಲೆಲ್ಲ ನೇಜಿ ನೆಟ್ಟು ಬಂದ ಹೆಂಗಸರು ರಾತ್ರಿ ಲಾಟೀನು ಹಿಡಿದು ಹಟ್ಟಿಯಲ್ಲಿ ಕೂರಬೇಕು. ಕೆಚ್ಚಲು ಬಿಗಿದಿದೆಯೇ, ಬಾಲದ ಬುಡ ಕುಸಿದಿದೆಯೇ ಎಂದು ನೋಡಿ ಹೊತ್ತು ಹೇಳುತ್ತಿದ್ದರು ನಮ್ಮ ಅತ್ತೆ. ಊರದನ ಸಾಮಾನ್ಯವಾಗಿ ತಾನಾಗಿಯೇ ಈಯುತ್ತಿತ್ತು. ಎಷ್ಟೋ ಸಲ ಗುಡ್ಡದಲ್ಲೇ ಈದು, ಸಂಜೆ ಕರುವನ್ನು ಹಿಂದಿಟ್ಟುಕೊಂಡು ಮನೆಗೆ ಬಂದದ್ದೂ ಉಂಟು. ಮಾಸು ಬಿದ್ದ ಮೇಲೆ ಅದನ್ನು ಹುಲ್ಲಿನಲ್ಲಿ ಕಟ್ಟಿ ಹಾಲು ಸುರಿಯುವ ಜಾತಿಯ ಮರಕ್ಕೆ ತೂಗಿಸುತ್ತಿದ್ದರು. ತಾಯಿಗೆ ಬಿಸಿ ಅಕ್ಕಚ್ಚು, ಬೇಯಿಸಿದ ಹುರುಳಿ. ಕರು ಕುಡಿದು ಉಳಿದ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕಕ್ಕೆ ಹಂಚಬೇಕು. ಗಿಣ್ಣು ಮಾರುವುದುಂಟೇ!

ತಟ್ಟೆ ತೆಗೆದುಕೊಳ್ಳುವಾಗ ನೆರೆಮನೆಯವರು ಕೇಳುವ ಪ್ರಶ್ನೆ ಒಂದೇ: "ಎಂತಾ ಕರು ಹೆಣೆ?"

ನನ್ನ ಮಟ್ಟಿಗೆ ಈ ಊರಿನ ಐವತ್ತು ವರ್ಷದ ಚರಿತ್ರೆ ಆ ಪ್ರಶ್ನೆಯಲ್ಲೇ ಇದೆ. ಆಗ ಗಂಡುಗರು ಎಂದರೆ ಮನೆಯವರ ಮುಖ ಅರಳುತ್ತಿತ್ತು. ಇನ್ನು ಮೂರು ವರ್ಷಕ್ಕೆ ಒಂದು ಹೋರಿ ಕೈಗೆ ಬಂದ ಹಾಗೆ. ದನವಿಲ್ಲದ ಮನೆಗೆ ಕಡಸನ್ನು ಪಾಲಿಗೆ ಸಾಕಲು ಕೊಡುತ್ತಿದ್ದರು. ಹುಟ್ಟಿದ ಕರುಗಳಲ್ಲಿ ಸಾಕಿದವರಿಗೂ ಪಾಲು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಗೇಣಿ ಗದ್ದೆಯನ್ನು ಸ್ವಂತ ಮಾಡಿಕೊಂಡವರಿಗೆ ಉಳಲು ಹೋರಿ ಬೇಕಲ್ಲ? ಕಾಗದದಿಂದ ಗದ್ದೆ ಬಂತು, ಜೋಡಿ ಹೋರಿ ಕಾಗದದಿಂದ ಬರುವುದಿಲ್ಲ.

ಆಮೇಲೆ ಬಂದದ್ದು ಜರ್ಸಿ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಆರಂಭವಾಯಿತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಟ್ಟ ಕಡ್ಡಿಗಳು ಹಳ್ಳಿಗಳಿಗೆ ಬಂದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ, 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ. ಊರಿನ ಸೊಸೈಟಿಗೆ ಹಾಲು ಹಾಕಿದ ಹೆಂಗಸು ಮೊದಲ ಬಾರಿಗೆ ತನ್ನ ಹೆಸರಿನ ಪುಸ್ತಕದಲ್ಲಿ ದುಡ್ಡು ಕಂಡಳು. ಮಕ್ಕಳ ಫೀಸಿಗೆ ಗಂಡನ ಮುಖ ನೋಡುವುದು ತಪ್ಪಿತು. ಇದನ್ನು ಮರೆತು ಊರದನವನ್ನಷ್ಟೇ ಹಾಡಿ ಹೊಗಳುವ ಗಂಡಸರ ಭಾಷಣ ನನಗೆ ರುಚಿಸುವುದಿಲ್ಲ.

ಆದರೆ ಹಟ್ಟಿಯ ರಾತ್ರಿಗಳು ಬದಲಾದವು. ಸಣ್ಣ ದನದ ಹೊಟ್ಟೆಯಲ್ಲಿ ದೊಡ್ಡ ಕರು ಸಿಕ್ಕಿಕೊಳ್ಳುವುದು, ಈದ ಮರುದಿನ ಹೆಚ್ಚು ಹಾಲಿನ ದನ ಕಾಲು ಸೋತು ಮಲಗುವುದು ಕಂಡವು. ರಕ್ತದಲ್ಲಿನ ಸುಣ್ಣದ ಅಂಶ ಒಮ್ಮೆಲೇ ಹಾಲಿಗೆ ಇಳಿದು ಬರುವ ಕಾಯಿಲೆ ಅದು. ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಗಂಟೆಯೊಳಗೆ ಎದ್ದು ನಿಲ್ಲುವುದೂ ಉಂಟು. ಅತ್ತೆಯ ಮದ್ದಿನಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಹಾಗೆಯೇ ಅವರು ಹೆದರುತ್ತಿದ್ದ ದೊಡ್ಡರೋಗ ಇಂದು ಇಲ್ಲ. ಭಾರತ ಅದರಿಂದ 2006ರಲ್ಲಿ, ಇಡೀ ಜಗತ್ತು 2011ರಲ್ಲಿ ಮುಕ್ತವಾಯಿತು. ಅದೇನು ಸಣ್ಣ ಸಂಗತಿಯೇ?

ಗುಡ್ಡದಲ್ಲಿ ಅಕೇಶಿಯಾ ನೆಟ್ಟರು, ದನ ಅದರ ಸೊಪ್ಪು ಮುಟ್ಟುವುದಿಲ್ಲ. ಗದ್ದೆಗೆ ಟಿಲ್ಲರ್ ಬಂತು. ಜರ್ಸಿಯ ಗಂಡುಗರುವಿಗೆ ನೊಗ ನಿಲ್ಲಲು ಹೆಗಲ ಮೇಲೆ ಸರಿಯಾದ ಡುಬ್ಬವೂ ಇಲ್ಲ. ಮಾಂಸಕ್ಕಾಗಿಯೇ ದನ ಸಾಕುವ ಸ್ಕಾಟ್ಲೆಂಡ್, ಅಮೆರಿಕಗಳಲ್ಲಿ ವಸಂತದಲ್ಲಿ ಹುಟ್ಟುವ ಗಂಡುಗರುವೇ ರೈತನ ಆದಾಯ. ನಮ್ಮಲ್ಲಿ ಅದಕ್ಕೆ ಉಳುವ ಕೆಲಸವೂ ಇಲ್ಲ, ಮನೆಯವರು ಆಡಬಹುದಾದ ಮಾತೂ ಇಲ್ಲ. ಗಂಡುಗರು ಎಂದರೆ ಈಗ ಗಿಣ್ಣು ತಂದವಳು ದನಿ ತಗ್ಗಿಸುತ್ತಾಳೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣುಗರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದ ಕಡ್ಡಿಗಳೂ ಬಂದಿವೆ. ಹೆಣ್ಣು ಹುಟ್ಟಿದರೆ ಮುಖ ಸಣ್ಣ ಮಾಡುತ್ತಿದ್ದ ಮನೆಗಳಲ್ಲೇ ಹಟ್ಟಿಯಲ್ಲಿ ಮಾತ್ರ ಹೆಣ್ಣಿಗೆ ಹರಕೆ!

ನಮ್ಮ ಗಿಡ್ಡನಿಗೆ 2012ರಲ್ಲಿ ರಾಷ್ಟ್ರೀಯ ತಳಿಗಳ ಪಟ್ಟಿಯಲ್ಲಿ ಮಲೆನಾಡು ಗಿಡ್ಡ ಎಂಬ ಹೆಸರಿನಿಂದ ಜಾಗ ಸಿಕ್ಕಿತು. ಈಗ ಪೇಟೆಯವರು ಕಾರಿನಲ್ಲಿ ಬಂದು ಅದರ ತುಪ್ಪ ಕೇಳುತ್ತಾರೆ. ನಮ್ಮ ಕೇರಿಯಲ್ಲಿ ಒಬ್ಬರೇ ಸಾಕುತ್ತಿದ್ದಾರೆ, ಎರಡು ದನ. ಈ ಮಳೆಗಾಲದಲ್ಲಿ ಒಂದು ಈದಿತು. ಗಿಣ್ಣಿನ ತಟ್ಟೆ ನಮ್ಮ ಮನೆಗೂ ಬಂತು. ಗಂಡುಗರುವಂತೆ. ಊರಲ್ಲಿ ತಳಿಯ ಗೂಳಿಯೇ ಉಳಿದಿಲ್ಲ, ಇದನ್ನೇ ಬಿಡುತ್ತೇವೆ ಎಂದರು.