ಯಾರ ಒಪ್ಪಿಗೆ? ಚಿಕಿತ್ಸೆಯ ಸಮ್ಮತಿ ಪತ್ರ ನಡೆದು ಬಂದ ದಾರಿ

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಕೋಶದ ಕಲ್ಲಿನ ಬಗ್ಗೆ ಒಂದು ಅಧ್ಯಾಯವಿದೆ. ಔಷಧಕ್ಕೆ ಬಗ್ಗದ ಕಲ್ಲನ್ನು ಕೊಯ್ದು ತೆಗೆಯುವ ಮುನ್ನ ವೈದ್ಯ ಏನು ಮಾಡಬೇಕೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಯ್ಯದೆ ಬಿಟ್ಟರೆ ಸಾವು ಖಚಿತ, ಕೊಯ್ದರೆ ಉಳಿಯುವುದು ಅನುಮಾನ. ಆದ್ದರಿಂದ ಒಡೆಯನ ಅಪ್ಪಣೆ ಪಡೆದೇ ಶಸ್ತ್ರಕ್ಕೆ ಕೈಹಾಕಬೇಕು ಎಂಬುದು ಆ ಮಾತಿನ ತಾತ್ಪರ್ಯ. ಶಸ್ತ್ರಚಿಕಿತ್ಸೆಯ ಅಪಾಯವನ್ನೂ ಅದನ್ನು ಮಾಡದಿರುವ ಅಪಾಯವನ್ನೂ ಅಕ್ಕಪಕ್ಕದಲ್ಲಿಟ್ಟು ತೂಗುವ ಈ ವಿವೇಕ ಇಂದಿನ ಒಪ್ಪಿಗೆ ಪತ್ರದ ಜೀವಾಳವೂ ಹೌದು. ಆದರೆ ಅಪ್ಪಣೆ ಕೇಳಬೇಕಾದ್ದು ನೋವುಣ್ಣುತ್ತಿರುವ ರೋಗಿಯನ್ನಲ್ಲ, ಅವನ ಮೇಲೆ ಅಧಿಕಾರವಿರುವವನನ್ನು. ಅಂದಿನಿಂದ ಇಂದಿನವರೆಗೆ ಒಪ್ಪಿಗೆಯನ್ನು ದಾಖಲಿಸುವ ಸಾಧನ ಹಲವು ಸಲ ಬದಲಾಗಿದೆ: ಬಾಯಿಮಾತು, ಹೆಬ್ಬೆಟ್ಟು, ಅಚ್ಚಾದ ಫಾರಂ, ಈಗ ಟ್ಯಾಬ್ ಪರದೆಯ ಮೇಲಿನ ಸಹಿ. ಇಷ್ಟೆಲ್ಲ ಬದಲಾದರೂ ಇನ್ನೂ ಪೂರ್ತಿ ಬಗೆಹರಿಯದೆ ಉಳಿದಿರುವುದು ಯಾರ ಮಾತಿಗೆ ಬೆಲೆ ಎಂಬ ಪ್ರಶ್ನೆ. ಡಿಜಿಟಲ್ ಒಪ್ಪಿಗೆ ಪತ್ರವನ್ನು ನಾವು ಒರೆಗೆ ಹಚ್ಚಬೇಕಾದ್ದು ಈ ಪ್ರಶ್ನೆಯಿಂದಲೇ.

ಆಧುನಿಕ ಭಾರತದಲ್ಲಿ ರೋಗಿಯ ಒಪ್ಪಿಗೆಗೆ ಕಾನೂನಿನ ಆಧಾರ ಸಿಕ್ಕಿದ್ದು 1860ರ ದಂಡ ಸಂಹಿತೆಯಲ್ಲಿ. ಸಾವಿನ ಅಪಾಯವಿದೆಯೆಂದು ಗೊತ್ತಿದ್ದೂ ರೋಗಿಯ ಒಪ್ಪಿಗೆ ಪಡೆದು, ಅವನ ಒಳಿತಿಗಾಗಿ, ಸದ್ಭಾವನೆಯಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯ ಅಪರಾಧಿಯಲ್ಲ ಎಂದು ಅದರ 88ನೇ ಕಲಂ ಉದಾಹರಣೆ ಸಮೇತ ಹೇಳಿತು. ಹನ್ನೆರಡು ವರ್ಷದೊಳಗಿನ ಮಕ್ಕಳ ಪರವಾಗಿ ಪೋಷಕರು ಒಪ್ಪಬಹುದೆಂದ 89ನೇ ಕಲಂ ಕೊಟ್ಟ ಉದಾಹರಣೆ ಮತ್ತೆ ಕಲ್ಲಿನದೇ: ಮಗುವಿನ ಕಲ್ಲನ್ನು ವೈದ್ಯನಿಂದ ಕೊಯ್ಸುವ ತಂದೆ. ಭಯದಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು 90ನೇ ಕಲಂ. ಕೇಳಲು ಸಮಯವೂ ಇಲ್ಲದ, ಪರವಾಗಿ ಹೇಳುವವರೂ ಇಲ್ಲದ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆಯೂ ಜೀವ ಉಳಿಸಬಹುದೆಂದಿತು 92ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಚೌಕಟ್ಟು ಹಾಗೆಯೇ ಉಳಿದಿದೆ. ಇದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ವಯಸ್ಕ ರೋಗಿಯ ವಿಷಯದಲ್ಲಿ ಒಡೆಯನ ಜಾಗಕ್ಕೆ ರೋಗಿಯೇ ಬಂದ. ಆದರೆ ಈ ಕಲಂಗಳ ಮುಖ್ಯ ಕಾಳಜಿ ವೈದ್ಯನನ್ನು ಅಪರಾಧದ ಆರೋಪದಿಂದ ಕಾಯುವುದು. ಒಪ್ಪುವ ಮುನ್ನ ರೋಗಿಗೆ ಏನನ್ನು ತಿಳಿಸಿರಬೇಕು ಎಂಬುದನ್ನು ಅವು ಹೇಳಲಿಲ್ಲ. ನಮ್ಮ ಆಸ್ಪತ್ರೆಗಳ ಹಳೆಯ ಒಪ್ಪಿಗೆ ಪತ್ರಗಳು ಈ ಕಾಳಜಿಯನ್ನೇ ನಕಲು ಮಾಡಿದವು. ಏನೇ ಆದರೂ ವೈದ್ಯರು ಹೊಣೆಯಲ್ಲ ಎಂಬ ಒಂದು ಸಾಲು, ಅದರ ಕೆಳಗೊಂದು ಸಹಿ.

ತಿಳಿಸುವ ಹೊಣೆಯ ಮಾತು ಹೆಚ್ಚಾಗಿ ಬೆಳೆದದ್ದು ಇಂಗ್ಲೆಂಡ್ ಮತ್ತು ಅಮೆರಿಕದ ನ್ಯಾಯಾಲಯಗಳಲ್ಲಿ, ಅದೂ ಯಾರಿಗಾದರೂ ಕೇಡಾದ ಮೇಲೆ. ಕೂಡಿಕೊಳ್ಳುತ್ತಿದ್ದ ಕಾಲಿನ ಮೂಳೆಯನ್ನು ರೋಗಿಯನ್ನು ಕೇಳದೆ ಮತ್ತೆ ಮುರಿದ ಪ್ರಕರಣದಲ್ಲಿ, ಏನು ಮಾಡಲಿದ್ದೇವೆಂದು ಮೊದಲೇ ತಿಳಿಸಿ ರೋಗಿ ಧೈರ್ಯ ತಂದುಕೊಳ್ಳಲು ಬಿಡಬೇಕಿತ್ತು ಎಂದು 1767ರಲ್ಲೇ ಇಂಗ್ಲೆಂಡಿನ ನ್ಯಾಯಾಲಯ ಹೇಳಿತ್ತು. 1900ರಲ್ಲಿ ಹವಾನಾದಲ್ಲಿ ಹಳದಿ ಜ್ವರದ ಪ್ರಯೋಗ ನಡೆಸಿದ ವಾಲ್ಟರ್ ರೀಡ್ ಅವರ ತಂಡ, ಪಾಲ್ಗೊಂಡ ಸ್ಪೇನ್ ಮೂಲದ ವಲಸೆಗಾರರಿಗೆ ಜೀವದ ಅಪಾಯವನ್ನು ಅವರದೇ ಭಾಷೆಯಲ್ಲಿ ಬರೆದ ಕರಾರು ಪತ್ರ ಕೊಟ್ಟಿತು. 1914ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ, ಬುದ್ಧಿ ಸ್ತಿಮಿತದಲ್ಲಿರುವ ಪ್ರತಿ ವಯಸ್ಕರಿಗೂ ತಮ್ಮ ಶರೀರದ ಮೇಲೆ ಏನು ನಡೆಯಬೇಕೆಂದು ನಿರ್ಧರಿಸುವ ಹಕ್ಕಿದೆ ಎಂಬ ತತ್ವವನ್ನು ಬರೆದರು. ನಾಜಿ ವೈದ್ಯರ ವಿಚಾರಣೆಯ ಬಳಿಕ ಬಂದ 1947ರ ನ್ಯೂರೆಂಬರ್ಗ್ ಸಂಹಿತೆ, ಪ್ರಯೋಗಕ್ಕೆ ಒಳಗಾಗುವವರ ಸ್ವಇಚ್ಛೆಯ ಸಮ್ಮತಿಯನ್ನು ಮೊದಲ ನಿಯಮವಾಗಿಸಿತು. 1957ರ ಕ್ಯಾಲಿಫೋರ್ನಿಯಾ ತೀರ್ಪು ‘ಇನ್‌ಫಾರ್ಮ್ಡ್ ಕನ್ಸೆಂಟ್’ ಎಂಬ ಪದವನ್ನು ಚಲಾವಣೆಗೆ ತಂದಿತು. ವೈದ್ಯರಿಗೆ ಹೇಳಬೇಕೆನಿಸಿದ್ದನ್ನು ಹೇಳಿದರೆ ಸಾಲದು, ನಿರ್ಧರಿಸಲು ರೋಗಿಗೆ ಬೇಕಾದ್ದನ್ನು ಹೇಳಬೇಕು ಎಂದು 1972ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಒಪ್ಪಿಗೆ ಪತ್ರ ಉದ್ದವಾಗುತ್ತ ಬಂದದ್ದು ಹೀಗೆ.

ಪತ್ರ ಉದ್ದವಾದ ಮಾತ್ರಕ್ಕೆ ರೋಗಿಯ ಮಾತಿಗೆ ತೂಕ ಬರುವುದಿಲ್ಲ ಎಂಬುದಕ್ಕೆ ನಮ್ಮ ದೇಶದ ಅನುಭವವೇ ಸಾಕ್ಷಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳ ಹಿಂದೆ ಅದೆಷ್ಟು ಒತ್ತಾಯವಿತ್ತೆಂಬುದನ್ನು ಷಾ ಆಯೋಗ ದಾಖಲಿಸಿದೆ. 2009-10ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯಲ್ಲಿ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಖಂಡಿಸಿತು. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ರಾತ್ರಿ ಎರಡು ಗಂಟೆಗಳ ಅವಧಿಯಲ್ಲಿ ಒಬ್ಬರೇ ವೈದ್ಯರು 53 ಮಹಿಳೆಯರಿಗೆ ಟಾರ್ಚ್ ಬೆಳಕಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರೆಂಬ ದೂರು ಸುಪ್ರೀಂ ಕೋರ್ಟ್ ತಲುಪಿತು. 2016ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ ಒಂದು ಮಾತನ್ನು ಪ್ರತಿ ಆಸ್ಪತ್ರೆಯೂ ಗೋಡೆಯ ಮೇಲೆ ಬರೆದುಕೊಳ್ಳಬೇಕು: ಶಸ್ತ್ರಚಿಕಿತ್ಸೆಯ ಪರಿಣಾಮವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ವಿವರಿಸಿದ ಮೇಲೆ ಯೋಚಿಸಲು, ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ಒಪ್ಪಿಗೆಗೆ ಭಾಷೆಯೂ ಬೇಕು, ವೇಳೆಯೂ ಬೇಕು ಎಂದು ನ್ಯಾಯಾಲಯವೇ ಹೇಳಬೇಕಾಯಿತು.

ನಿಯಮಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. 1971ರ ಗರ್ಭಪಾತ ಕಾಯ್ದೆ ವಯಸ್ಕ ಮಹಿಳೆಯೊಬ್ಬಳ ಒಪ್ಪಿಗೆಯಷ್ಟೇ ಸಾಕೆಂದಿತು. ಗಂಡನ ಸಹಿಯನ್ನು ಕೇಳಲಿಲ್ಲ. ಪ್ರಸವಪೂರ್ವ ಪತ್ತೆ ತಂತ್ರಗಳ 1994ರ ಕಾಯ್ದೆ, ಒಪ್ಪಿಗೆಯನ್ನು ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಸಿಕೊಂಡು ಅದರ ಪ್ರತಿಯನ್ನು ಅವಳ ಕೈಗೇ ಕೊಡಬೇಕೆಂದಿತು. ಇಷ್ಟಾದ ಮೇಲೂ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನೀತಿ ನಿಯಮಾವಳಿ ಶಸ್ತ್ರಚಿಕಿತ್ಸೆಗೆ ಮುನ್ನ ಯಾರ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಪಟ್ಟಿ ಮಾಡುವಾಗ ಗಂಡ ಅಥವಾ ಹೆಂಡತಿಯನ್ನು ಮೊದಲು ಹೆಸರಿಸಿ, ಅಪ್ರಾಪ್ತರ ಪೋಷಕರನ್ನು ನಂತರ ಹೇಳಿ, ರೋಗಿಯನ್ನು ಕೊನೆಯಲ್ಲಿಟ್ಟಿತು. ಒಂದು ವಾಕ್ಯದ ಈ ಅನುಕ್ರಮವನ್ನು ಸಣ್ಣ ಸಂಗತಿ ಎನ್ನಲಾಗದು. ಮನೆಯ ಹಿರಿಯರು, ಗಂಡ, ಮಗ ಒಪ್ಪಿದರೆ ಮುಗಿಯಿತು ಎಂಬ ರೂಢಿಗೆ ಅದು ನಿಯಮದ ಬಲ ಕೊಟ್ಟಿತು.

ಆ ರೂಢಿಗೆ ನೇರ ಉತ್ತರ ಬಂದದ್ದು 2008ರ ಜನವರಿ 16ರಂದು. ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು 1995ರಲ್ಲಿ ಲ್ಯಾಪರೋಸ್ಕೋಪಿ ತಪಾಸಣೆಗೆಂದು ಸಹಿ ಹಾಕಿ ಅರಿವಳಿಕೆಗೆ ಒಳಗಾದರು. ಅವರು ಪ್ರಜ್ಞೆ ತಪ್ಪಿ ಮಲಗಿದ್ದಾಗ, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್.ವಿ. ರವೀಂದ್ರನ್ ಬರೆದ ತೀರ್ಪು ವಿಷಯವನ್ನು ಸ್ವಚ್ಛವಾಗಿ ಬಿಡಿಸಿಟ್ಟಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟದ್ದಾಗುವುದಿಲ್ಲ. ಜೀವಾಪಾಯದ ತುರ್ತು ಇರಲಿಲ್ಲ. ಎಚ್ಚರವಾಗುವವರೆಗೆ ಕಾದು ಆಕೆಯನ್ನೇ ಕೇಳಬಹುದಿತ್ತು. ಸ್ವತಃ ನಿರ್ಧರಿಸಬಲ್ಲ ವಯಸ್ಕಳ ಪರವಾಗಿ ತಾಯಿ ಒಪ್ಪಲು ಬರುವುದಿಲ್ಲ. ಆದರೆ ಇದೇ ತೀರ್ಪು ಅಮೆರಿಕದ ಮಾದರಿಯನ್ನು ಇಡಿಯಾಗಿ ಒಪ್ಪಲಿಲ್ಲ. ಬಡತನ, ಅನಕ್ಷರತೆ ಮತ್ತು ವೈದ್ಯರ ಮೇಲಿನ ನಂಬಿಕೆಯ ನಮ್ಮ ಸ್ಥಿತಿಯಲ್ಲಿ ದೂರದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿದರೆ ರೋಗಿಗಳು ಹೆದರಿ ಬೇಕಾದ ಚಿಕಿತ್ಸೆಯನ್ನೂ ಬಿಟ್ಟಾರು ಎಂದು ಅದು ಎಚ್ಚರಿಸಿ, ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಮುಖ್ಯ ಅಪಾಯ, ಬೇರೆ ದಾರಿ ಇವುಗಳನ್ನು ತಿಳಿಸುವ ನೈಜ ಒಪ್ಪಿಗೆಯ ಅಳತೆಯನ್ನು ಆರಿಸಿಕೊಂಡಿತು.

ಇಲ್ಲೇ ಮೊದಲ ಆಕ್ಷೇಪಣೆ ಏಳುತ್ತದೆ. ನಮ್ಮದು ಕುಟುಂಬ ಕೂಡಿ ನಿರ್ಧರಿಸುವ ಸಮಾಜ. ರೋಗಿಯೊಬ್ಬರನ್ನೇ ಕೂರಿಸಿ ಅಪಾಯ ಓದಿ ಹೇಳುವುದು ಪರದೇಶದ ಪದ್ಧತಿ, ಅದು ನಮ್ಮ ಮನೆಗಳಿಗೆ ಒಗ್ಗುವುದಿಲ್ಲ ಎಂದು ಅನೇಕ ವೈದ್ಯರು ಪ್ರಾಮಾಣಿಕವಾಗಿ ನಂಬುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆಪರೇಷನ್ನಿನ ಖರ್ಚು ಹೊಂದಿಸುವವರು, ಆಮೇಲೆ ಆರೈಕೆ ಮಾಡುವವರು ಮನೆಯವರೇ. ಅವರನ್ನು ಹೊರಗಿಟ್ಟು ಕೊಡುವ ಒಪ್ಪಿಗೆಗೆ ನೆಲೆ ಇರುವುದಿಲ್ಲ. ಆದರೆ ಜೊತೆಗಿರುವುದು ಬೇರೆ, ಬದಲಿಗೆ ನಿಲ್ಲುವುದು ಬೇರೆ. 1995ರ ಆ ಪ್ರಕರಣದಲ್ಲಿ ತಾಯಿ ಮಗಳ ಒಳಿತನ್ನೇ ಬಯಸಿದ್ದಿರಬೇಕು. ಆದರೂ ಮಗಳು ಎಚ್ಚರವಾದಾಗ ತನ್ನ ಶರೀರದ ಬಗ್ಗೆ ತನಗೆ ಹೇಳಲು ಏನೂ ಉಳಿದಿರಲಿಲ್ಲ. ಕುಟುಂಬ ಸಲಹೆ ಕೊಡಲಿ, ಕೊನೆಯ ಮಾತು ರೋಗಿಯದಾಗಿರಲಿ ಎಂಬುದರಲ್ಲಿ ನಮ್ಮ ಸಂಸ್ಕೃತಿಗೆ ವಿರೋಧವಾದದ್ದೇನೂ ಇಲ್ಲ.

ಈ ಹಿನ್ನೆಲೆಯಲ್ಲಿ ಡಿಜಿಟಲ್ ಪತ್ರದ ಚರಿತ್ರೆಯನ್ನು ನೋಡೋಣ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ಉಯಿಲಿನಂಥ ಕೆಲವು ದಾಖಲೆಗಳನ್ನು ಹೊರತುಪಡಿಸಿ, ವಿದ್ಯುನ್ಮಾನ ಸಹಿಗೆ ಕೈಬರಹದ ಸಹಿಯ ಮಾನ್ಯತೆ ಕೊಟ್ಟಿತು. ಔಷಧ ಪ್ರಯೋಗಗಳಲ್ಲಿನ ಅನ್ಯಾಯಗಳ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯ ಫಲವಾಗಿ 2013ರಲ್ಲಿ ಒಪ್ಪಿಗೆ ಪಡೆಯುವ ಮಾತುಕತೆಯನ್ನೇ ವಿಡಿಯೊ ಮಾಡಬೇಕೆಂಬ ಆದೇಶ ಬಂತು. ಮುಂದೆ ಅದನ್ನು ಹೊಸ ಔಷಧಗಳ ಪ್ರಯೋಗಕ್ಕೆ ಒಳಗಾಗುವ ದುರ್ಬಲ ವರ್ಗದವರಿಗೆ ಸೀಮಿತಗೊಳಿಸಲಾಯಿತು. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆಯ ಜೊತೆಗೆ, ರೋಗಿ ಒಪ್ಪಿದರೆ ಮಾತ್ರ ದಾಖಲೆಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ಏರ್ಪಾಡನ್ನು ತಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಒಪ್ಪಿಗೆಯ ಕೋರಿಕೆಯನ್ನು ಓದುವ ಅವಕಾಶವಿರಬೇಕು, ಒಪ್ಪುವಷ್ಟೇ ಸುಲಭವಾಗಿ ಹಿಂತೆಗೆಯಲು ಬರಬೇಕು ಎಂದಿತು. ಇವುಗಳಲ್ಲಿ ಕೊನೆಯ ಎರಡು ರೋಗಿಯ ಮಾಹಿತಿಯ ಕುರಿತಾದವು, ಶರೀರದ ಕುರಿತಾದವಲ್ಲ. ಒಂದೇ ಪರದೆಯಲ್ಲಿ, ಒಂದೇ ಗುಂಡಿ ಒತ್ತಿ ಎರಡಕ್ಕೂ ಒಪ್ಪಿಸಿಕೊಳ್ಳುವುದು ಸುಲಭ. ಆದರೆ ತಪಾಸಣೆಯ ಒಪ್ಪಿಗೆಯನ್ನು ಚಿಕಿತ್ಸೆಗೆ ಎಳೆಯಬಾರದೆಂಬ 2008ರ ತರ್ಕವನ್ನು ಒಪ್ಪಿದವರು, ಆಪರೇಷನ್ನಿನ ಒಪ್ಪಿಗೆಯನ್ನು ದಾಖಲೆ ಹಂಚಿಕೆಗೆ ಎಳೆಯುವುದನ್ನೂ ಒಪ್ಪಲಾಗದು.

ಕಾಗದಕ್ಕೆ ಸಾಧ್ಯವಾಗದ ನಾಲ್ಕು ಕೆಲಸಗಳು ಡಿಜಿಟಲ್ ಪತ್ರಕ್ಕೆ ಸಾಧ್ಯ. ಅದು ಕನ್ನಡದಲ್ಲೂ ತುಳುವಿನಲ್ಲೂ ಉರ್ದುವಿನಲ್ಲೂ ಮಾತನಾಡಬಲ್ಲದು. ಓದಲು ಬಾರದವರಿಗೆ ಧ್ವನಿಯಲ್ಲಿ, ಚಿತ್ರದಲ್ಲಿ ವಿವರಿಸಬಲ್ಲದು. ಆಪರೇಷನ್ನಿನ ಮೂರು ದಿನ ಮೊದಲೇ ಮನೆಗೆ ತಲುಪಿ ಯೋಚಿಸಲು ವೇಳೆ ಕೊಡಬಲ್ಲದು. ಯಾವಾಗ ತೆರೆದರು, ಯಾವ ಭಾಷೆಯಲ್ಲಿ ಓದಿದರು, ಯಾರು ವಿವರಿಸಿದರು, ಯಾವಾಗ ಸಹಿಯಾಯಿತು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಉಳಿಸಿ, ಒಂದು ಪ್ರತಿಯನ್ನು ರೋಗಿಗೂ ಕೊಡಬಲ್ಲದು. ಆದರೆ ಇದೇ ಸಾಧನ ಸುಶ್ರುತನ ಕಾಲದ ಒಡೆಯನನ್ನು ಮರಳಿ ತರಲೂಬಲ್ಲದು. ವಯಸ್ಸಾದ ತಾಯಿಯ ಆಪರೇಷನ್ನಿಗೆ ನೋಂದಾಯಿಸಿದ ಮೊಬೈಲ್ ಮಗನದಾದರೆ ಒಟಿಪಿ ಹೋಗುವುದು ಮಗನಿಗೆ. ದಾಖಲೆಯಲ್ಲಿ ತಾಯಿ ಒಪ್ಪಿದಂತೆ ಇರುತ್ತದೆ, ಆಕೆಯನ್ನು ಯಾರೂ ಕೇಳಿರುವುದಿಲ್ಲ. ಮೊದಲೇ ಗುರುತು ಹಾಕಿಟ್ಟ ಚೌಕಗಳು, ಓದದೆ ಕೆಳಗಿಳಿಸಬಹುದಾದ ಹತ್ತು ಪುಟದ ಪರದೆ, ‘ಒಪ್ಪಿದ್ದೇನೆ’ ಎಂಬುದೊಂದೇ ಇದ್ದು ‘ಇನ್ನೂ ಕೇಳುವುದಿದೆ’ ಎಂಬ ಗುಂಡಿಯೇ ಇಲ್ಲದ ವಿನ್ಯಾಸ, ಇವೆಲ್ಲ ಹಳೆಯ ಖಾಲಿ ಫಾರಂನ ಹೊಸ ರೂಪಗಳು.

ಡಿಜಿಟಲ್ ದಾಖಲೆಯನ್ನು ತಿದ್ದಬಹುದು, ಕಾಗದವೇ ಭದ್ರ ಎಂಬ ವಾದಕ್ಕೆ ಉತ್ತರ ಸರಳ. ದಾಖಲಾಗುವಾಗಲೇ ಖಾಲಿ ಫಾರಂಗೆ ಸಹಿ ಹಾಕಿಸಿ ವಿವರವನ್ನು ಆಮೇಲೆ ತುಂಬಿದರೆ ಕಾಗದ ಅದನ್ನು ಹೇಳುವುದಿಲ್ಲ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಪ್ರತಿ ತಿದ್ದುಪಡಿಯೂ ಹೆಜ್ಜೆ ಗುರುತು ಬಿಡುತ್ತದೆ. ಸರ್ಕಾರಿ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ವೈದ್ಯರಿಗೆ ವಿವರಿಸಲು ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ಹೆಚ್ಚು ಗಂಭೀರ, ಅದನ್ನು ಹಗುರವಾಗಿ ಕಾಣಬಾರದು. ಸಾಮಾನ್ಯ ವಿವರಗಳನ್ನು ಮೊದಲೇ ರೆಕಾರ್ಡ್ ಮಾಡಿದ ಧ್ವನಿ ಹೇಳಿದರೆ ವೈದ್ಯರ ಹತ್ತು ನಿಮಿಷ ಆ ರೋಗಿಯ ಸ್ವಂತ ಪ್ರಶ್ನೆಗಳಿಗೆ ಉಳಿಯುತ್ತದೆ. ಆದರೆ ಆ ಹತ್ತು ನಿಮಿಷವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಉಳಿಯುವುದು ಸಹಿ ಮಾತ್ರ. ರೋಗಿಯ ಮಾತನ್ನು ಕಾಪಿಡಲು ತಂತ್ರಜ್ಞಾನ ಎಷ್ಟು ನೆರವಾಗಬಲ್ಲದು ಎಂಬುದಕ್ಕೆ ಜೀವನಾಂತ್ಯದ ಮುಂಗಡ ನಿರ್ದೇಶನ ಒಳ್ಳೆಯ ಉದಾಹರಣೆ. ಇದರ ಕುರಿತ 2018ರ ತನ್ನ ತೀರ್ಪಿನ ನಿಯಮಗಳನ್ನು 2023ರಲ್ಲಿ ಸಡಿಲಿಸಿದ ಸುಪ್ರೀಂ ಕೋರ್ಟ್, ಈ ನಿರ್ದೇಶನವನ್ನು ಡಿಜಿಟಲ್ ಆರೋಗ್ಯ ದಾಖಲೆಯ ಭಾಗವಾಗಿಸಲು ಅನುವು ಮಾಡಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆ ಆದೇಶದ ಜಾರಿಗಾಗಿ ಸುತ್ತೋಲೆ ಹೊರಡಿಸಿತು. ತಾನು ಮಾತಾಡಲಾಗದ ದಿನಕ್ಕಾಗಿ ರೋಗಿ ಮೊದಲೇ ಆಡಿಟ್ಟ ಮಾತು ಅದು. ಅದನ್ನು ದಾಖಲೆ ಕಾಯ್ದುಕೊಳ್ಳುತ್ತದೆ.

ಆದ್ದರಿಂದ ಉಳಿದ ಕಾಗದವೆಷ್ಟು, ಉಳಿದ ನಿಮಿಷವೆಷ್ಟು ಎಂಬ ಲೆಕ್ಕದಿಂದ ಆಸ್ಪತ್ರೆಗಳು ಡಿಜಿಟಲ್ ಒಪ್ಪಿಗೆ ಪತ್ರವನ್ನು ಅಳೆಯಬಾರದು. ರೋಗಿಯದೇ ಭಾಷೆಯಲ್ಲಿದೆಯೇ, ಯೋಚಿಸಲು ವೇಳೆ ಕೊಟ್ಟಿದೆಯೇ, ಬೇಡವೆನ್ನಲು ಜಾಗವಿದೆಯೇ, ಒಪ್ಪಿದವರು ರೋಗಿಯೇ ಎಂಬುದನ್ನು ಖಚಿತಪಡಿಸಿಕೊಂಡಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಹೌದೆನ್ನುವ ಪತ್ರ ಮಾತ್ರ ಒಪ್ಪಿಗೆ ಪತ್ರ. ಕನ್ನಡದ ಓದುಗರಲ್ಲಿ ನನ್ನ ಕೋರಿಕೆಯೂ ಇಷ್ಟೇ: ನಿಮ್ಮವರನ್ನು ಶಸ್ತ್ರಚಿಕಿತ್ಸೆಗೆ ಸೇರಿಸುವಾಗ ಕನ್ನಡದ ಪ್ರತಿಯನ್ನು ಕೇಳಿ ಪಡೆಯಿರಿ, ಅರ್ಥವಾಗದ್ದನ್ನು ವೈದ್ಯರಿಂದಲೇ ಬಿಡಿಸಿ ತಿಳಿಯಿರಿ, ಮೊಬೈಲಿಗೆ ಬಂದ ಒಟಿಪಿಯನ್ನು ಹೇಳುವ ಮುನ್ನ ಮಂಚದ ಮೇಲಿರುವವರನ್ನು ಒಮ್ಮೆ ಕೇಳಿರಿ. ಅವರು ಹೇಳುವವರೆಗೆ ಉಳಿದವರ ಒಪ್ಪಿಗೆ ಒಪ್ಪಿಗೆಯಲ್ಲ.