ತಿರುಗುವ ಟರ್ಬೈನ್ ಅಲಗುಗಳೊಳಗಿನ ಪ್ರಕ್ಷುಬ್ಧ ಹರಿವಿನ ಅನುಕರಣೆ

ತಿರುಗುವ ಟರ್ಬೈನ್ ಅಲಗುಗಳೊಳಗಿನ ಪ್ರಕ್ಷುಬ್ಧ ಹರಿವಿನ ಅನುಕರಣೆಯು ಅನಿಲ ಟರ್ಬೈನಿನ ಅಲಗುಗಳನ್ನು (ಬ್ಲೇಡ್) ಒಳಗಿನಿಂದ ತಂಪುಗೊಳಿಸುವ ಗಾಳಿಯ ಚಲನೆಯನ್ನೂ, ಅದು ಹೊತ್ತೊಯ್ಯುವ ಶಾಖವನ್ನೂ ಗಣಕಯಂತ್ರದ ನೆರವಿನಿಂದ ಲೆಕ್ಕಹಾಕುವ ವಿಧಾನವಾಗಿದೆ. ಜೆಟ್ ಎಂಜಿನ್ನುಗಳ ಮತ್ತು ವಿದ್ಯುತ್ ಸ್ಥಾವರಗಳ ಟರ್ಬೈನುಗಳ ವಿನ್ಯಾಸದಲ್ಲಿ ಇದನ್ನು ಬಳಸುತ್ತಾರೆ. ಭಾರತದಲ್ಲಿ ಇದಕ್ಕೆ ಸಂಬಂಧಿಸಿದ ಸಂಶೋಧನೆಯ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರು ಒಂದು.

ಹಿನ್ನೆಲೆ

ಎಂಜಿನ್ನಿನ ದಹನಕೋಶದಿಂದ ಹೊರಬರುವ ಅನಿಲ ಹೆಚ್ಚು ಬಿಸಿಯಾದಷ್ಟೂ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ. ಆಧುನಿಕ ಎಂಜಿನ್ನುಗಳಲ್ಲಿ ಈ ಅನಿಲದ ಉಷ್ಣತೆಯು ಅಲಗುಗಳನ್ನು ಮಾಡಿರುವ ನಿಕಲ್ ಮಿಶ್ರಲೋಹದ ಕರಗುವ ಬಿಂದುವನ್ನೂ ಮೀರುತ್ತದೆ. ಅಲಗು ಕರಗದೆ ಉಳಿಯಲು ಸಂಪೀಡಕದಿಂದ ಸ್ವಲ್ಪ ಗಾಳಿಯನ್ನು ತೆಗೆದು, ಅಲಗಿನ ಒಳಗೆ ಕೊರೆದಂತಿರುವ ಕಿರಿದಾದ ನಾಳಗಳಲ್ಲಿ ಹರಿಸಲಾಗುತ್ತದೆ. ಈ ನಾಳಗಳು ಹಾವಿನಂತೆ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಹೊರಳುತ್ತವೆ. ಗಾಳಿಯನ್ನು ಕದಡಿ ಶಾಖ ವರ್ಗಾವಣೆಯನ್ನು ಹೆಚ್ಚಿಸಲು ಗೋಡೆಗಳ ಮೇಲೆ ಸಣ್ಣ ಏಣುಗಳನ್ನು ನಿರ್ಮಿಸಿರುತ್ತಾರೆ.

ತಂಪುಗಾಳಿ ಪುಕ್ಕಟೆಯಲ್ಲ. ಸಂಪೀಡಿಸಲು ಶಕ್ತಿ ವ್ಯಯವಾದ ಗಾಳಿಯನ್ನು ಹೀಗೆ ಬೇರೆಡೆಗೆ ತಿರುಗಿಸಿದಷ್ಟೂ ಎಂಜಿನ್ನಿನ ದಕ್ಷತೆ ತಗ್ಗುತ್ತದೆ. ಗಾಳಿ ಕಡಿಮೆಯಾದರೆ ಲೋಹ ಬಿಸಿಯಾಗುತ್ತದೆ. ಲೋಹದ ಉಷ್ಣತೆಯ ಅಂದಾಜಿನಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ತಪ್ಪಾದರೂ ಅಲಗಿನ ಆಯುಷ್ಯ ಅರ್ಧಕ್ಕೆ ಇಳಿಯಬಹುದೆಂದು ಈ ಕ್ಷೇತ್ರದ ಗ್ರಂಥಗಳು ಹೇಳುತ್ತವೆ. ಆದ್ದರಿಂದ ಲೆಕ್ಕಾಚಾರದ ನಿಖರತೆಗೆ ಮಹತ್ವವಿದೆ.

ಪರಿಭ್ರಮಣದ ಪರಿಣಾಮ

ನಿಶ್ಚಲವಾದ ನೇರ ನಾಳದಲ್ಲಿ ಎದುರುಬದುರಿನ ಗೋಡೆಗಳು ಸಮಾನವಾಗಿ ತಂಪಾಗುತ್ತವೆ. ಅಲಗು ತಿರುಗತೊಡಗಿದಾಗ ಈ ಸಮತೆ ಕೆಡುತ್ತದೆ. ತುದಿಯ ಕಡೆಗೆ ಹರಿಯುವ ಗಾಳಿಯನ್ನು ಕೊರಿಯೊಲಿಸ್ ಬಲವು ಪರಿಭ್ರಮಣದ ದಿಕ್ಕಿಗೆ ವಿರುದ್ಧವಾಗಿ, ಹಿಂಗೋಡೆಯತ್ತ ತಳ್ಳುತ್ತದೆ. ಹಿಂಗೋಡೆಯ ಬಳಿ ಪ್ರಕ್ಷುಬ್ಧತೆ ಹೆಚ್ಚಿ ಶಾಖ ಬೇಗ ಹೊರಹೋಗುತ್ತದೆ. ಮುಂಗೋಡೆಯ ಬಳಿ ಪ್ರಕ್ಷುಬ್ಧತೆ ಅಡಗಿ ಲೋಹ ಬಿಸಿಯಾಗಿಯೇ ಉಳಿಯುತ್ತದೆ. ಬುಡದ ಕಡೆಗೆ ಮರಳುವ ನಾಳದಲ್ಲಿ ಈ ಪರಿಣಾಮ ಅದಲುಬದಲಾಗುತ್ತದೆ.

ಇದರ ಜೊತೆಗೆ ಅಪಕೇಂದ್ರ ಕ್ಷೇತ್ರದಲ್ಲಿ ಪ್ಲವನಬಲವೂ ಕೆಲಸಮಾಡುತ್ತದೆ. ಗೋಡೆಯ ಬಳಿ ಕಾದು ಹಗುರಾದ ಗಾಳಿ ಅಕ್ಷದ ಕಡೆಗೆ ಸರಿಯಲು ಯತ್ನಿಸುವುದರಿಂದ, ತುದಿಯತ್ತ ಹರಿಯುವ ನಾಳದ ಮುಂಗೋಡೆಯಲ್ಲಿ ಹರಿವು ಹಿಮ್ಮುಖವಾಗುವುದೂ ಉಂಟು.

1972ರಲ್ಲಿ ಜಾನ್‌ಸ್ಟನ್, ಹ್ಯಾಲೀನ್ ಮತ್ತು ಲೆಜಿಯಸ್ ಅವರು ತಿರುಗುವ ನಾಲೆಯಲ್ಲಿ ನಡೆಸಿದ ಪ್ರಯೋಗಗಳು ಒಂದು ಗೋಡೆಯಲ್ಲಿ ಪ್ರಕ್ಷುಬ್ಧತೆ ಬಲಗೊಂಡು ಇನ್ನೊಂದರಲ್ಲಿ ಕುಗ್ಗುವುದನ್ನು ತೋರಿಸಿದವು. ಎಂಜಿನ್ನಿನ ಪರಿಸ್ಥಿತಿಗೆ ಹತ್ತಿರವಾದ ಶಾಖ ವರ್ಗಾವಣೆಯ ಅಳತೆಗಳನ್ನು ವ್ಯಾಗ್ನರ್, ಜಾನ್ಸನ್ ಮತ್ತು ಹಾಯೆಕ್ ಅವರು 1991ರಲ್ಲಿ ಪ್ರಕಟಿಸಿದರು.

ಅನುಕರಣೆಯ ವಿಧಾನಗಳು

ಸರಾಸರಿ ಸಮೀಕರಣಗಳು: ಪ್ರಕ್ಷುಬ್ಧತೆಯ ಏರಿಳಿತಗಳನ್ನು ಸರಾಸರಿಗೊಳಿಸಿ, ಅವುಗಳ ಪ್ರಭಾವವನ್ನು ಒಂದು ಮಾದರಿಯ ಮೂಲಕ ಸೇರಿಸುವ ವಿಧಾನವಿದು. ಹೆಚ್ಚು ಬಳಕೆಯಲ್ಲಿರುವ ಕೆ-ಎಪ್ಸಿಲಾನ್ ಮಾದರಿಗೆ ಇಲ್ಲಿ ಒಂದು ಮೂಲಭೂತ ಕೊರತೆಯಿದೆ. ಕೊರಿಯೊಲಿಸ್ ಬಲವು ಯಾವಾಗಲೂ ವೇಗಕ್ಕೆ ಲಂಬವಾಗಿರುವುದರಿಂದ ಅದು ಕೆಲಸ ಮಾಡುವುದಿಲ್ಲ. ಆದಕಾರಣ ಪ್ರಕ್ಷುಬ್ಧತೆಯ ಚಲನಶಕ್ತಿಯ ಸಮೀಕರಣದಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ಸರಾಸರಿ ಹರಿವು ಪಕ್ಕಕ್ಕೆ ಸರಿಯುವುದನ್ನು ಈ ಮಾದರಿ ತೋರಿಸಬಲ್ಲದಾದರೂ, ಪ್ರಕ್ಷುಬ್ಧತೆಯ ಮೇಲೆ ಪರಿಭ್ರಮಣ ನೇರವಾಗಿ ಬೀರುವ ಪ್ರಭಾವವನ್ನು ಗ್ರಹಿಸಲಾರದು.

ರೇನಾಲ್ಡ್ಸ್ ಒತ್ತಡ ಮಾದರಿ: ಇಲ್ಲಿ ಪ್ರತಿಯೊಂದು ಒತ್ತಡ ಘಟಕಕ್ಕೂ ಪ್ರತ್ಯೇಕ ಸಮೀಕರಣವಿರುತ್ತದೆ. ಕೊರಿಯೊಲಿಸ್ ಬಲವು ಶಕ್ತಿಯನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಹಂಚುವುದು ಈ ಸಮೀಕರಣಗಳಲ್ಲಿ ತಾನಾಗಿಯೇ ವ್ಯಕ್ತವಾಗುತ್ತದೆ.

ಬೃಹತ್ ಸುಳಿ ಅನುಕರಣೆ: ದೊಡ್ಡ ಸುಳಿಗಳನ್ನು ಕಾಲಾನುಕ್ರಮದಲ್ಲಿ ನೇರವಾಗಿ ಲೆಕ್ಕಹಾಕಿ, ಚಿಕ್ಕವುಗಳಿಗೆ ಮಾತ್ರ ಮಾದರಿಯನ್ನು ಬಳಸಲಾಗುತ್ತದೆ. ಏಣುಗಳ ಹಿಂದೆ ಮತ್ತು ತಿರುವುಗಳಲ್ಲಿ ಇದು ಹೆಚ್ಚು ವಿಶ್ವಾಸಾರ್ಹವಾದರೂ ದುಬಾರಿಯಾಗಿದೆ.

ನೇರ ಸಾಂಖ್ಯಿಕ ಅನುಕರಣೆ: ಎಲ್ಲ ಸುಳಿಗಳನ್ನೂ ಲೆಕ್ಕಹಾಕುವ ಈ ವಿಧಾನದ ವೆಚ್ಚ ರೇನಾಲ್ಡ್ಸ್ ಸಂಖ್ಯೆಯೊಂದಿಗೆ ತೀವ್ರವಾಗಿ ಏರುತ್ತದೆ. ಆದ್ದರಿಂದ ಇದು ಮುಖ್ಯವಾಗಿ ಸರಳ ಆಕಾರದ ನಾಳಗಳ ಅಧ್ಯಯನಕ್ಕೂ, ಇತರ ಮಾದರಿಗಳ ಪರೀಕ್ಷೆಗೂ ಬಳಕೆಯಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯು (ಜಿಟಿಆರ್‌ಇ) ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಒಂದು ಪ್ರಯೋಗಾಲಯ. ಲಘು ಯುದ್ಧ ವಿಮಾನಕ್ಕೆಂದು ಇದು ಕೈಗೊಂಡ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ದೊರೆಯಿತು. ಎಂಜಿನ್ನಿಗೆ ನದಿಯ ಹೆಸರನ್ನೂ, ಅದರ ಒಡಲಭಾಗಕ್ಕೆ ಉಪನದಿಯಾದ ಕಬಿನಿಯ ಹೆಸರನ್ನೂ ಇಡಲಾಯಿತು. 2008ರಲ್ಲಿ ಯೋಜನೆಯನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. 2010ರಲ್ಲಿ ಕಾವೇರಿಯನ್ನು ರಷ್ಯಾದಲ್ಲಿ ಐಎಲ್-76 ವಿಮಾನಕ್ಕೆ ಅಳವಡಿಸಿ ಹಾರಾಟದಲ್ಲಿ ಪರೀಕ್ಷಿಸಲಾಯಿತು. ಟರ್ಬೈನ್ ಅಲಗುಗಳ ತಂಪುಗೊಳಿಸುವ ತಂತ್ರವನ್ನು ಎಂಜಿನ್ ತಯಾರಕರು ಸುಲಭವಾಗಿ ಹಂಚಿಕೊಳ್ಳುವುದಿಲ್ಲವಾದ್ದರಿಂದ ಇಂತಹ ಯೋಜನೆಗಳಲ್ಲಿ ಸ್ವಂತ ಪ್ರಯೋಗ ಮತ್ತು ಅನುಕರಣೆಗಳ ಸಾಮರ್ಥ್ಯ ಅನಿವಾರ್ಯವಾಗುತ್ತದೆ.

ಪ್ರಕ್ಷುಬ್ಧತೆ ಅಡಗಿ ಹರಿವು ಮತ್ತೆ ಪದರ ಪದರವಾಗುವ ವಿದ್ಯಮಾನದ ಕುರಿತು ಬೆಂಗಳೂರಿನಲ್ಲಿ ಜನಿಸಿದ ರೊದ್ದಂ ನರಸಿಂಹ (1933–2020) ಮತ್ತು ಕೆ. ಆರ್. ಶ್ರೀನಿವಾಸನ್ ಅವರು 1979ರಲ್ಲಿ ಬರೆದ ಸಮೀಕ್ಷಾ ಲೇಖನವು ಪ್ರಸಿದ್ಧವಾಗಿದೆ. ತಿರುಗುವ ನಾಳದ ಒಂದು ಗೋಡೆಯಲ್ಲಿ ಪ್ರಕ್ಷುಬ್ಧತೆ ಕುಗ್ಗುವುದನ್ನು ಅರಿಯಲು ಈ ಅಧ್ಯಯನ ಪ್ರಸ್ತುತವಾಗಿದೆ. ನರಸಿಂಹ ಅವರು ನಿರ್ದೇಶಕರಾಗಿದ್ದಾಗ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ (ಎನ್‌ಎಎಲ್) 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರವು ಹರಿವಿನ ಸಮೀಕರಣಗಳನ್ನು ಬಿಡಿಸಲೆಂದೇ ರೂಪುಗೊಂಡಿತು.

ಮಿತಿಗಳು

ಏಣು, ತಿರುವು, ಪರಿಭ್ರಮಣ ಹಾಗೂ ಪ್ಲವನಬಲಗಳು ಒಟ್ಟಿಗೆ ಕೂಡಿದಾಗ ಯಾವ ಒಂದು ಸರಳ ಮಾದರಿಯೂ ಎಲ್ಲೆಡೆ ಸರಿಯಾದ ಉತ್ತರ ನೀಡುವುದಿಲ್ಲ. ಇಡೀ ನಾಳದ ಸರಾಸರಿ ಶಾಖ ವರ್ಗಾವಣೆಯು ಪ್ರಯೋಗಕ್ಕೆ ಹೊಂದಿಕೆಯಾದರೂ ಮುಂಗೋಡೆಯ ಒಂದು ಮೂಲೆಯಲ್ಲಿ ಲೆಕ್ಕ ತಪ್ಪಿರಬಹುದು. ಅಲಗು ಬಿರುಕು ಬಿಡುವುದು ಅಂತಹ ಬಿಸಿ ಜಾಗದಲ್ಲಿಯೇ. ಈ ಕಾರಣದಿಂದ ಅನುಕರಣೆಯ ಫಲಿತಾಂಶಗಳನ್ನು ಗೋಡೆ ಗೋಡೆಗೂ ಪ್ರತ್ಯೇಕವಾಗಿ ಅಳತೆಗಳೊಂದಿಗೆ ಹೋಲಿಸಿ ನೋಡುವುದು ವಾಡಿಕೆಯಾಗಿದೆ.